ತುಪ್ಪ ಬೇಡವೆಂದ ಹಲ್ವ

ಕಳೆದ ಸಂಚಿಕೆಯಲ್ಲಿ ಹಾಲುಬಾಯಿಯ ಬಗ್ಗೆ ಎರಡು ಪುಟ ಬರೆದಿದ್ದೆ. ನಡುವೆ ಒಂದೇ ಒಂದು ಸಾಲಿನಲ್ಲಿ, ಮುಂಬಯಿ ಪಕ್ಕದ ಠಾಣೆ ಊರಿನಲ್ಲಿದ್ದಾಗ ನಮ್ಮ ಎದುರು ಮನೆಯ ಯಹೂದಿ ಹಿರಿಯರು ತಮ್ಮ ಹೊಸವರ್ಷಕ್ಕೆ ಕಾಯಿಹಾಲಿನ ಹಲ್ವ ಮಾಡುತ್ತಿದ್ದರು ಎಂದು ನೆನೆದಿದ್ದೆ. ಹಾಲುಬಾಯಿಯನ್ನು ಯಾರೂ ವಿಚಾರಿಸಲಿಲ್ಲ. ಬಂದ ಕಾಗದಗಳೆಲ್ಲ ಆ ಒಂದು ಸಾಲಿನ ಬೆನ್ನು ಹತ್ತಿ ಬಂದಿವೆ. ಆಗಲಿ, ಈ ಸಲ ನಮ್ಮೂರು ಪೆರ್ಲದ ಒಲೆಯ ಮೇಲೆ ಠಾಣೆಯ ಬಾಣಲೆ.

ಪ್ರಶ್ನೆ: ಅಕ್ಕಾ, ನನ್ನ ಮಗ ಮುಂಬಯಿಯಲ್ಲಿ ಕೆಲಸದಲ್ಲಿದ್ದಾನೆ. ಅವನ ಕಚೇರಿಯ ಗೆಳೆಯ ಬೆನೆ ಇಸ್ರೇಲ್, ಎಂದರೆ ಕೊಂಕಣ ಕರಾವಳಿಯ ಯಹೂದಿ. ಅವರ ಹೊಸವರ್ಷಕ್ಕೆ ಗೆಳೆಯನ ತಾಯಿ ಕೊಟ್ಟ ಹಲ್ವದಲ್ಲಿ ನಾಲ್ಕು ತುಂಡು ಊರಿಗೂ ಬಂದವು. ನಾನೂ ಗೋಧಿಹಾಲು ತೆಗೆದು, ದನದ ಹಾಲು, ಅರ್ಧ ಕಿಲೋ ತುಪ್ಪ ಹಾಕಿ ಮಾಡಿದೆ. ಚೆನ್ನಾಗಿಯೇ ಆಯಿತು. ಆದರೆ ಅದು ಇದಲ್ಲ. ಎಲ್ಲಿ ತಪ್ಪಿದೆ?
– ಗೃಹಿಣಿ, ಉಪ್ಪಳ

ಉತ್ತರ: ತುಪ್ಪ ಹಾಕಿದ್ದು ತಪ್ಪು, ತಂಗೀ. ಹಾಲು ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಬೇಸರ ಮಾಡಬೇಡಿ. ಎರಡನ್ನೂ ನಾನೂ ಮಾಡಿದ್ದೇನೆ, ಅದೂ ಹಬ್ಬದ ದಿನ, ಹಬ್ಬದ ಮನೆಯವರಿಗೇ.

ನಾವು ಠಾಣೆಗೆ ಹೋದದ್ದು 1979ರಲ್ಲಿ. ಅಲ್ಲಿಯ ಟೆಂಭಿ ನಾಕಾದಲ್ಲಿ ಶಾರ್ ಹಶಾಮಾಯಿಮ್ ಎಂಬ ಸಿನಗಾಗ್, ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಇದೆ. ಅದನ್ನು ಕಟ್ಟಿದ್ದು 1879ರಲ್ಲಿ. ನಾವು ಹೋದ ವರ್ಷ ಅದಕ್ಕೆ ಸರಿಯಾಗಿ ನೂರು. ನಮ್ಮ ಎದುರು ಬಾಗಿಲಿನ ಹಿರಿಯರನ್ನು ಇಡೀ ಕಟ್ಟಡ 'ಆಯಿ' ಎಂದೇ ಕರೆಯುತ್ತಿತ್ತು. ಮನೆಮಾತು ಮರಾಠಿ, ಉಡುವುದು ಸೀರೆ, ಕೈತುಂಬ ಬಳೆ. ಮೊದಲ ಆರು ತಿಂಗಳು ಅವರು ಯಹೂದಿಯೆಂದು ನನಗೆ ಗೊತ್ತೇ ಆಗಲಿಲ್ಲ. ಬಾಗಿಲಿನ ಚೌಕಟ್ಟಿಗೆ ಓರೆಯಾಗಿ ಒಂದು ಚಿಕ್ಕ ಡಬ್ಬಿ ಬಡಿದಿದ್ದರು. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ನಾನು ಅದನ್ನು ಬೀಗದಕೈ ಇಡುವ ಡಬ್ಬಿ ಎಂದುಕೊಂಡಿದ್ದೆ. ಒಳಗಿದ್ದದ್ದು ಅವರ ಧರ್ಮಗ್ರಂಥದ ಸಾಲುಗಳನ್ನು ಬರೆದ ಸುರುಳಿ.

ಆ ವರ್ಷ ನವರಾತ್ರಿಯ ಹೊತ್ತಿಗೆ ಆಯಿ ತಟ್ಟೆ ಹಿಡಿದು ಬಂದು ಹೊಸ್ತಿಲ ಹೊರಗೇ ನಿಂತರು. ನಾವು ಮಾಂಸ ತಿನ್ನದವರು, ನನ್ನ ಮುಖದಲ್ಲಿ ಅನುಮಾನ ಕಂಡಿರಬೇಕು. ನಾನು ಕೇಳುವ ಮೊದಲೇ ಮಗ್ಗಿ ಹೇಳಿದ ಹಾಗೆ ಹೇಳಿದರು: ಗೋಧಿ, ತೆಂಗಿನಕಾಯಿ, ಸಕ್ಕರೆ, ಉಪ್ಪು, ಏಲಕ್ಕಿ, ಬಾದಾಮಿ. ಮೊಟ್ಟೆ ಇಲ್ಲ, ಕೊಬ್ಬು ಇಲ್ಲ. ನನಗಾಗಿ ಅಷ್ಟು ಜಾಗ್ರತೆ ಮಾಡಿದ್ದಾರೆಂದು ಕಣ್ಣು ತುಂಬಿತು. ಅದು ನನಗಾಗಿ ಮಾಡಿದ್ದಲ್ಲ ಎಂದು ತಿಳಿಯಲು ಇನ್ನೂ ಎರಡು ವರ್ಷ ಬೇಕಾಯಿತು.

ಮೂರನೆಯ ವರ್ಷ ನನಗೆ ಹುಮ್ಮಸ್ಸು. ಊರಿನಿಂದ ಅತ್ತೆ ಕಳುಹಿಸಿದ ತುಪ್ಪವಿತ್ತು. ಗೋಧಿಹಲ್ವ ಮಾಡಿ, ತುಪ್ಪ ಜಿನುಗುವ ಹಾಗೆ ತಟ್ಟೆ ತುಂಬಿ, ಅವರ ಹಬ್ಬದ ಸಂಜೆ ಕೊಂಡುಹೋದೆ. ಒಳಗೆ ಊಟಕ್ಕೆ ಕುಳಿತಿದ್ದರು. ಆಯಿ ಎರಡೂ ಕೈಯಲ್ಲಿ ತೆಗೆದುಕೊಂಡರು, ಹಣೆಗೆ ಒತ್ತಿಕೊಂಡರು, ನೇರ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಒಬ್ಬರಿಗೂ ಬಡಿಸಲಿಲ್ಲ. ಮನೆಗೆ ಬಂದು ಯಜಮಾನರ ಹತ್ತಿರ, ಇನ್ನು ಆ ಮನೆಗೆ ಹೋಗುವುದಿಲ್ಲ ಎಂದೆ.

ಮರುದಿನ ಬೆಳಗ್ಗೆ ಅವರೇ ಚಹಾಕ್ಕೆ ಕರೆದರು. ಹಾಲು ಹಾಕಿದ ಚಹಾ, ಪಕ್ಕದಲ್ಲಿ ನನ್ನ ಹಲ್ವ. ನನ್ನೆದುರಿಗೇ ಎರಡು ತುಂಡು ತಿಂದರು. ಆಮೇಲೆ ಹೇಳಿದರು: ನಿನ್ನೆ ರಾತ್ರಿ ಊಟಕ್ಕೆ ಮಟನ್ ಇತ್ತು, ಮಾಂಸ ತಿಂದ ಮೇಲೆ ಹಲವು ಗಂಟೆ ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಆಗದು. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬ ಮಾತು ಅವರ ಧರ್ಮಗ್ರಂಥ ತೋರಾದಲ್ಲಿ ಮೂರು ಸಲ ಬರುತ್ತದೆ. ಆ ಮಾತಿನಿಂದ ಬೆಳೆದು ಬಂದದ್ದು ಅವರ ಇಡೀ ಅಡುಗೆಮನೆ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ, ಸೌಟು ಬೇರೆ, ತೊಳೆಯುವುದೂ ಬೇರೆ. ನನಗೆ ಅದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. 'ಮುಸುರೆ ಕೈಯಲ್ಲಿ ಹಾಲಿನ ಪಾತ್ರೆ ಮುಟ್ಟಬೇಡ' ಎಂದು ಬೈಸಿಕೊಂಡೇ ಬೆಳೆದವಳು ನಾನು. ಕಾರಣ ಬೇರೆಯಿರಬಹುದು, ಗದರಿಕೆಯ ಧಾಟಿ ಒಂದೇ.

ಹಬ್ಬದೂಟ ಮಾಂಸದ್ದು, ಕೊನೆಗೆ ಸಿಹಿ ಬೇಕೇ ಬೇಕು, ಹಾಲು ತುಪ್ಪ ಮುಟ್ಟುವ ಹಾಗಿಲ್ಲ. ಕೊಂಕಣದ ಕರಾವಳಿಯಲ್ಲಿ ಕುಳಿತವರು ಆಗ ತಲೆಯೆತ್ತಿ ನೋಡಿದರೆ ಕಾಣುವುದು ತೆಂಗಿನಮರ. ಆ ಹಲ್ವದ ರುಚಿ ಬಂದದ್ದು ಇಲ್ಲಿಂದ. ನೀವು ತುಪ್ಪ ಹಾಕಿ ಅದನ್ನು 'ಸುಧಾರಿಸಿದ' ಕೂಡಲೇ ಅದು ನಮ್ಮ ಮದುವೆ ಮನೆಯ ಹಲ್ವವಾಗುತ್ತದೆ.

ಮರುವರ್ಷ ಆಯಿ ನನ್ನನ್ನು ತಿರುವಲು ಕರೆದರು. ಅಲ್ಲಿಂದ 2003ರಲ್ಲಿ ನಾವು ಊರಿಗೆ ಮರಳುವ ತನಕ, ಅವರಿದ್ದಷ್ಟು ವರ್ಷ ಅವರೊಡನೆ, ಆಮೇಲೆ ಒಬ್ಬಳೇ, ತಪ್ಪಿಸಲಿಲ್ಲ. ನನ್ನ ಪುಸ್ತಕದಲ್ಲಿರುವ ಅಳತೆ ಇದು.

ಅರ್ಧ ಕಿಲೋ ಇಡೀ ಗೋಧಿ ನೆನೆಹಾಕಿ. ಠಾಣೆಯಲ್ಲಿ ಮೂರು ದಿನ ನೆನೆಸುತ್ತಿದ್ದೆವು. ನಮ್ಮ ಊರಿನ ಸೆಕೆಗೆ ಎರಡು ದಿನ ಸಾಕು, ಬೆಳಗ್ಗೆ ಸಂಜೆ ನೀರು ಬದಲಿಸಿ. ಬದಲಿಸದಿದ್ದರೆ ಹುಳಿ ಬಂದು, ಎಷ್ಟು ಸಕ್ಕರೆ ಸುರಿದರೂ ಹೋಗದು. ನುಣ್ಣಗೆ ರುಬ್ಬಿ, ತೆಳುಬಟ್ಟೆಯಲ್ಲಿ ಹಿಂಡಿ, ಚರಟವನ್ನು ಮತ್ತೆ ನೀರು ಹಾಕಿ ರುಬ್ಬಿ ಇನ್ನೆರಡು ಸಲ ಹಿಂಡಿ. ಉಳಿದದ್ದು ಹಟ್ಟಿಗೆ. ಹಾಲನ್ನು ರಾತ್ರಿಯಿಡೀ ಅಲುಗಿಸದೆ ಇಡಿ, ಈಗಿನವರು ಫ್ರಿಜ್‌ನಲ್ಲಿಡಿ. ಬೆಳಗ್ಗೆ ಮೇಲಿನ ತಿಳಿನೀರು ಚೆಲ್ಲಿದರೆ ತಳದಲ್ಲಿ ಬಿಳಿಯ ಗಸಿ ಗಟ್ಟಿಯಾಗಿ ಕುಳಿತಿರುತ್ತದೆ. ಮರಾಠಿಯಲ್ಲಿ ಅದಕ್ಕೆ 'ಚೀಕ್' ಎನ್ನುತ್ತಾರೆ.

ತೆಂಗಿನಕಾಯಿ: ಠಾಣೆಯ ಮಾರುಕಟ್ಟೆಯದ್ದಾದರೆ ಐದು, ನಮ್ಮ ತೋಟದ್ದಾದರೆ ನಾಲ್ಕು. ಮೊದಲನೆಯ ಮತ್ತು ಎರಡನೆಯ ಹಾಲು ಸೇರಿ ಎರಡು ಲೀಟರ್ ಇರಬೇಕು. ಮುಕ್ಕಾಲು ಕಿಲೋ ಸಕ್ಕರೆ. ಒಂದು ಚಿಟಿಕೆ ಉಪ್ಪು. ಮರೆತರೆ ಹಲ್ವ ಸಪ್ಪೆ ಮುಖ ಮಾಡುತ್ತದೆ. ಎಲ್ಲವನ್ನೂ ತಣ್ಣಗಿರುವಾಗಲೇ ದಪ್ಪ ತಳದ ಬಾಣಲೆಯಲ್ಲಿ ಕದಡಿ, ಗಸಿಯ ಗಂಟು ಒಡೆದು, ಆಮೇಲೆ ಒಲೆಗೆ ಏರಿಸಿ. ಬಿಸಿ ಹಾಲಿಗೆ ಗಸಿ ಸುರಿದವರಿಗೆ ದೇವರೂ ಸಹಾಯ ಮಾಡಲಾರ.

ಕಾಲು ಗಂಟೆಯಲ್ಲಿ ಗಟ್ಟಿಯಾಗತೊಡಗುತ್ತದೆ. ಆಗಿಬಿಟ್ಟಿತು ಎಂದು ಹಿಗ್ಗಬೇಡಿ, ಅದು ಬರೀ ಅಂಟು. ಸಣ್ಣ ಉರಿ, ಮರದ ಸಟ್ಟುಗ, ಒಂದೂವರೆ ಗಂಟೆಯಿಂದ ಎರಡು ಗಂಟೆ. ಒಬ್ಬರ ಕೈಗೆ ಆಗುವ ಕೆಲಸವಲ್ಲ. ಆಯಿಯ ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು, ನಾನು, ಸರದಿಯ ಮೇಲೆ. ನಡುವೆ ಏಲಕ್ಕಿ, ಒಂದಿಷ್ಟು ಜಾಯಿಕಾಯಿ, ನಸುಗುಲಾಬಿ ಬಣ್ಣ. ಬಣ್ಣ ಬೇಡದವರು ಬಿಡಿ, ಆದರೆ ಆಯಿಗೆ ಬಿಳಿ ಹಲ್ವ ಕಂಡರೆ ಆಗುತ್ತಿರಲಿಲ್ಲ. ಕೊನೆಗೆ ಕಾಯಿಹಾಲೇ ಎಣ್ಣೆ ಬಿಡುತ್ತದೆ. ಅಂಚಿನಲ್ಲಿ ಎಣ್ಣೆ ಹೊಳೆದು, ಮುದ್ದೆ ತಳ ಬಿಟ್ಟು ಸಟ್ಟುಗದ ಹಿಂದೆ ಹಿಂದೆ ಬರಬೇಕು. ಒಂದು ಚೂರು ತೆಗೆದು ಆರಿಸಿ ಉರುಟಿದರೆ ಬೆರಳಿಗೆ ಅಂಟಬಾರದು. ತಟ್ಟೆಗೆ ಕಾಯಿಯೆಣ್ಣೆ ಸವರಿ, ಬೆರಳ ದಪ್ಪಕ್ಕೆ ಹರಡಿ, ಸೀಳಿದ ಬಾದಾಮಿ ಒತ್ತಿ. ಪೂರ್ತಿ ಆರಿದ ಮೇಲೆಯೇ ಶಂಕರಪೋಳಿಯ ಆಕಾರಕ್ಕೆ ಕತ್ತರಿಸಿ. ಹೊರಗೆ ಎರಡು ದಿನ, ಫ್ರಿಜ್‌ನಲ್ಲಿ ಒಂದು ವಾರ.

ಪ್ರಶ್ನೆ: ಪೆಟ್ಟಿಗೆಯಲ್ಲಿ ಬರುವ ತೆಂಗಿನ ಹಾಲು, ಅಥವಾ ತೆಂಗಿನ ಹಾಲಿನ ಪುಡಿ ಬಳಸಬಹುದೇ? ತುರಿಯಲು ಹೊತ್ತಿಲ್ಲ.
– ಓದುಗಿ, ಕಾಸರಗೋಡು

ಉತ್ತರ: ಕಾಸರಗೋಡಿನಲ್ಲಿ ಕುಳಿತು ಈ ಪ್ರಶ್ನೆಯೇ? ಸರಕಾರ 1916ರಲ್ಲಿ ತೆಂಗಿನ ಸಂಶೋಧನೆಗೆಂದೇ ಕೇಂದ್ರ ತೆರೆದ ಊರು ನಿಮ್ಮದು. ಪೆಟ್ಟಿಗೆಯ ಹಾಲು ತೆಂಗಿನಮರ ಇಲ್ಲದ ಊರಿನವರಿಗೆ. ತುರಿಮಣೆ ಅಟ್ಟದಿಂದ ಇಳಿಸಿ.

ಪ್ರಶ್ನೆ: ಈ ಹೊಸವರ್ಷ ಯಾವಾಗ ಬರುತ್ತದೆ? ಜನವರಿಯಲ್ಲಂತೂ ಅಲ್ಲವಲ್ಲ?
– ಓದುಗ, ಬದಿಯಡ್ಕ

ಉತ್ತರ: ಅಲ್ಲ. ರೋಶ್ ಹಶಾನಾ ಎಂದು ಹೆಸರು, ತಿಶ್ರಿ ತಿಂಗಳ ಮೊದಲ ದಿನ. ಅವರ ಪಂಚಾಂಗವೂ ಚಂದ್ರನನ್ನು ನೋಡುತ್ತದೆ, ಸೂರ್ಯನನ್ನೂ ಬಿಡುವುದಿಲ್ಲ. ಹತ್ತೊಂಬತ್ತು ವರ್ಷಕ್ಕೆ ಏಳು ಸಲ ಅಧಿಕ ಮಾಸ ಸೇರಿಸುತ್ತಾರೆ. ಆದ್ದರಿಂದ ಹಬ್ಬ ಸೆಪ್ಟೆಂಬರ್ ಅಕ್ಟೋಬರ್ ಬಿಟ್ಟು ಆಚೀಚೆ ಹೋಗುವುದಿಲ್ಲ. 2024ರಲ್ಲೂ 2025ರಲ್ಲೂ ನಮ್ಮ ನವರಾತ್ರಿ ಶುರುವಾಗುವ ಹೊತ್ತಿಗೇ ಬಂದಿತ್ತು. ದಿನ ಶುರುವಾಗುವುದು ಸೂರ್ಯ ಮುಳುಗಿದಾಗ, ಹಾಗಾಗಿ ಹಲ್ವದ ತಟ್ಟೆ ಅದಕ್ಕೆ ಮೊದಲೇ ತಯಾರಿರಬೇಕು.

ಪ್ರಶ್ನೆ: ನಮ್ಮ ಕಡೆ ಉರುಸಿಗೆ ಮಲಿದಾ ಮಾಡುತ್ತಾರೆ, ಚಪಾತಿ ಮುರಿದು, ಬೆಲ್ಲ ತುಪ್ಪ ಕಲೆಸಿ. ಬೆನೆ ಇಸ್ರೇಲರಲ್ಲೂ ಮಲಿದಾ ಇದೆ ಎಂದು ಕೇಳಿದೆ. ಎರಡೂ ಒಂದೆಯೇ?
– ನಿವೃತ್ತ ಶಿಕ್ಷಕ, ಅಕ್ಕಲಕೋಟೆ

ಉತ್ತರ: ಹೆಸರು ಒಂದು, ತಟ್ಟೆ ಬೇರೆ ಮಾಸ್ತರರೇ. ಅವರದು ಅವಲಕ್ಕಿಯದ್ದು. ಅವಲಕ್ಕಿಯನ್ನು ನೀರಿನಲ್ಲಿ ತೊಳೆದು ಬಸಿದು, ಕಾಯಿತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ, ಬಾದಾಮಿ ಕಲೆಸಿ ದೊಡ್ಡ ತಟ್ಟೆಯಲ್ಲಿ ಗುಡ್ಡೆ ಹಾಕಿ, ಸುತ್ತಲೂ ಹಣ್ಣು ಜೋಡಿಸುತ್ತಾರೆ. ನಮ್ಮ ಕರಾವಳಿಯವರು ಕಂಡರೆ 'ಇದು ನಮ್ಮ ಸಿಹಿ ಅವಲಕ್ಕಿ' ಎಂದು ಕೈ ಹಾಕಿಯೇ ಬಿಡುತ್ತಾರೆ. ಕೈ ಹಾಕಬಾರದು. ಮೊದಲು ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಪ್ರಾರ್ಥನೆ. ಮದುವೆ, ಹರಕೆ ತೀರಿಸುವುದು, ಹೊಸ ಮನೆ, ಮಗ ಪರೀಕ್ಷೆಯಲ್ಲಿ ಪಾಸಾದದ್ದು, ಯಾವುದಕ್ಕೂ ಮಲಿದಾ. ಆಯಿ ತಮ್ಮ ಕಣ್ಣಿನ ಆಪರೇಷನ್ ಆದ ಮೇಲೆ ಮಾಡಿಸಿದ ಮಲಿದಾ ನನಗೆ ನೆನಪಿದೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಹಣ್ಣು ಎಣಿಸುತ್ತಿದ್ದರು.

ಅಲಿಬಾಗ್ ತಾಲ್ಲೂಕಿನ ಖಂಡಾಳೆಯಲ್ಲಿ ಒಂದು ಬಂಡೆ ಇದೆ. ಎಲಿಯಾಹುವಿನ ರಥದ ಗುರುತು ಅದರ ಮೇಲೆ ಮೂಡಿದೆ ಎಂದು ಅವರ ನಂಬಿಕೆ. ಅಲ್ಲಿಗೆ ಹೋಗಿಯೂ ಮಲಿದಾ ಅರ್ಪಿಸುತ್ತಾರೆ. ಅದೇ ತಾಲ್ಲೂಕಿನ ನವಗಾಂವ್ ಕರಾವಳಿಯಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಉಳಿದರು, ಆ ಹದಿನಾಲ್ವರ ಸಂತಾನವೇ ತಾವು ಎಂಬುದು ಅವರ ಮೂಲದ ಕಥೆ. ಎಣ್ಣೆ ತೆಗೆಯುವುದು ಕಸುಬಾಗಿತ್ತು. ಶನಿವಾರ ಅವರಿಗೆ ಕೆಲಸ ಮಾಡಬಾರದ ದಿನ. ಅಂದು ಗಾಣ ನಿಲ್ಲಿಸುತ್ತಿದ್ದರೆಂದು ಊರವರು 'ಶನಿವಾರ ತೇಲಿ', ಎಂದರೆ ಶನಿವಾರದ ಗಾಣಿಗರು, ಎಂದು ಕರೆದರು.

ಪ್ರಶ್ನೆ: ಯಹೂದಿಗಳೂ ಹೋಳಿಗೆ ಮಾಡುತ್ತಾರೆಂದು ನನ್ನ ಸೊಸೆ ಹೇಳುತ್ತಾಳೆ. ನಂಬಲೇ?
– ಅಜ್ಜಿ, ಗಡಹಿಂಗ್ಲಜ

ಉತ್ತರ: ಸೊಸೆಯನ್ನು ನಂಬಿ ಅಮ್ಮಾ. ಪುರಿಮ್ ಹಬ್ಬ ನಮ್ಮ ಹೋಳಿಹುಣ್ಣಿಮೆಯ ಆಸುಪಾಸಿನಲ್ಲೇ ಬರುತ್ತದೆ. ಬೆನೆ ಇಸ್ರೇಲರು ಅದಕ್ಕೆ ಮರಾಠಿಯಲ್ಲಿ ಹೋಳಿಯ ಹಬ್ಬವೆಂದೇ ಹೆಸರಿಟ್ಟುಕೊಂಡಿದ್ದರು, ಪೂರಣಪೋಳಿಯನ್ನೂ ಮಾಡುತ್ತಾರೆ. ಕಡಲೆಬೇಳೆ, ಬೆಲ್ಲ, ಏಲಕ್ಕಿ, ನಿಮ್ಮ ಮನೆಯದ್ದೇ. ಮೇಲೆ ತುಪ್ಪ ಹಾಕುವುದೋ ಬಿಡುವುದೋ ಎನ್ನುವುದು ಅಂದಿನ ಊಟದಲ್ಲಿ ಏನಿತ್ತು ಎಂಬುದರ ಮೇಲೆ.

ಪ್ರಶ್ನೆ: ನಮ್ಮ ಹಿತಕಬೇಳೆಯಂಥದ್ದು ಅವರಲ್ಲಿ ಏನಾದರೂ ಇದೆಯೇ?
– ಓದುಗ, ಹೊಸೂರು

ಉತ್ತರ: ಇದೆ, ಹೆಸರು 'ಬಿರಡೆ'. ಅವರೆಯ ಸೋದರ ವಾಲ್ ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಸಿಪ್ಪೆ ಹಿಸುಕಿ ತೆಗೆದು, ಕಾಯಿಹಾಲಿನಲ್ಲಿ ಬೇಯಿಸುವ ಪಲ್ಯ. ಅವರು ಅದನ್ನು ಒಂದು ದಿನಕ್ಕೆ ಗಂಟು ಹಾಕಿದ್ದಾರೆ. ಜೆರುಸಲೇಮಿನ ದೇವಾಲಯ ನಾಶವಾದದ್ದಕ್ಕಾಗಿ ಶೋಕದಿಂದ ಉಪವಾಸವಿರುವ ದಿನ ಅದು, ಆವ್ ತಿಂಗಳ ಒಂಬತ್ತನೆಯದು. ಅದರ ಮರಾಠಿ ಹೆಸರೇ 'ಬಿರಡ್ಯಾಚಾ ಸಣ', ಎಂದರೆ ಬಿರಡೆಯ ಹಬ್ಬ. ನಿಮ್ಮೂರಿನ ಅವರೆಯ ಸೊಗಡು ಇದಕ್ಕೆ ಚೆನ್ನಾಗಿ ಒಪ್ಪೀತು. ಮಾಡಿದರೆ ನನಗೂ ಎರಡು ಸಾಲು ಬರೆಯಿರಿ.

ಪ್ರಶ್ನೆ: ನಾವು ಮೀನು ಬಿಟ್ಟು ಹಬ್ಬ ಮಾಡುವವರಲ್ಲ. ಅವರಿಗೆ ಮೀನು ಆಗುತ್ತದೆಯೇ? ಸಿಗಡಿ?
– ಓದುಗಿ, ಕುಂಬಳೆ

ಉತ್ತರ: ನಾನು ತಿನ್ನದವಳು, ನಿಯಮ ಮಾತ್ರ ಬಲ್ಲೆ. ರೆಕ್ಕೆಯೂ ಇರಬೇಕು, ಚಿಪ್ಪಿನ ಹುರುಪೆಯೂ ಇರಬೇಕು. ಬಂಗುಡೆ, ಬೂತಾಯಿ ಆಗುತ್ತವೆ. ಸಿಗಡಿ, ಏಡಿ, ಮರುವಾಯಿ ಆಗುವುದಿಲ್ಲ. ಸಾರಿಗೆ ಕಾಯಿ ಅರೆಯಲು ಅಡ್ಡಿಯೇ ಇಲ್ಲ.

ಪ್ರಶ್ನೆ: ಗಲ್ಫಿನಿಂದ ಬಂದ ಖರ್ಜೂರ ಡಬ್ಬಿಗಟ್ಟಲೆ ಉಳಿದಿದೆ. ಯಹೂದಿ ಹಬ್ಬದ ಅಡುಗೆಯಲ್ಲಿ ಖರ್ಜೂರದ್ದು ಏನಾದರೂ ಇದ್ದರೆ ತಿಳಿಸಿ.
– ಓದುಗಿ, ಮೊಗ್ರಾಲ್

ಉತ್ತರ: ಇದಕ್ಕಿಂತ ಒಳ್ಳೆಯ ಪ್ರಶ್ನೆ ಈ ಸಲ ಬಂದಿಲ್ಲ. ಒಂದು ಕಿಲೋ ಖರ್ಜೂರದ ಬೀಜ ತೆಗೆದು, ಮುಳುಗುವಷ್ಟು ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಅದೇ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಆರಿದ ಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಹಿಂಡಿ. ಬಂದ ರಸವನ್ನು ಸಣ್ಣ ಉರಿಯಲ್ಲಿ ಬತ್ತಿಸಿ. ನೀರುಬೆಲ್ಲದ ಹದಕ್ಕೆ ಬಂದಾಗ ಇಳಿಸಿ. ಸಕ್ಕರೆ ಒಂದು ಕಾಳೂ ಬೇಡ. ಆಯಿ ಇದಕ್ಕೆ 'ಶೀರಾ' ಎನ್ನುತ್ತಿದ್ದರು, ರವೆಯ ಶೀರಾಕ್ಕೂ ಇದಕ್ಕೂ ಸಂಬಂಧವಿಲ್ಲ. ಕೊಚ್ಚಿಯ ಯಹೂದಿಗಳೂ ಖರ್ಜೂರದ ಇಂಥದ್ದೇ ಪಾಕ ಮಾಡುತ್ತಾರೆ.

ಇದು ಪೆಸಾಖ್ ಹಬ್ಬದ್ದು, ಮಾರ್ಚ್ ಏಪ್ರಿಲ್ ಹೊತ್ತಿಗೆ. ಈಜಿಪ್ಟಿನಲ್ಲಿ ದಾಸರಾಗಿ ಇಟ್ಟಿಗೆ ಕಟ್ಟಿದ ದಿನಗಳ ನೆನಪಿಗೆ, ಗಾರೆಯ ಹಾಗೆ ಕಾಣುವ ಈ ಸಿಹಿಯನ್ನು ಕಹಿಸೊಪ್ಪಿನ ಜೊತೆ ತಿನ್ನುತ್ತಾರೆ. ಎಂಟು ದಿನ ಹುಳಿ ಬಂದ ಹಿಟ್ಟು ಮನೆಯಲ್ಲೇ ಇರಬಾರದು. ರೊಟ್ಟಿಯ ಹಿಟ್ಟಿಗೆ ನೀರು ಬಿದ್ದ ಹದಿನೆಂಟು ನಿಮಿಷದೊಳಗೆ ಅದು ಬೆಂದು ಮುಗಿದಿರಬೇಕು. ಯುರೋಪಿನ ಹೆಚ್ಚಿನ ಯಹೂದಿಗಳು ಅಕ್ಕಿಯನ್ನೂ ದೂರವಿಟ್ಟರು. ಬೆನೆ ಇಸ್ರೇಲರೂ ಕೊಚ್ಚಿಯವರೂ ಬಿಡಲಿಲ್ಲ. ಅಕ್ಕಿ ಬಿಟ್ಟು ಎಂಟು ದಿನ ಬದುಕುವುದು ಈ ಕರಾವಳಿಯಲ್ಲಿ ಹೇಗೆ ಸಾಧ್ಯ?

ಒಂದು ಸಂಗತಿ ಹೇಳದೆ ಇರಲಾರೆ. ಉಳಿದ ಯಹೂದಿಗಳಿಂದ ಬಹಳ ಕಾಲ ದೂರವಿದ್ದ ಕೊಂಕಣದ ಈ ಜನಕ್ಕೆ ಹಬ್ಬದ ಕಥೆ ಮರೆತುಹೋಗಿತ್ತು. ಹೆಸರೂ ಮರೆತಿತ್ತು. ಆದರೂ ವರ್ಷಕ್ಕೊಮ್ಮೆ, ಅದೇ ಹೊತ್ತಿಗೆ, ಅಡುಗೆಗೆ ಬಳಸುವ ಹುಳಿಯ ಭರಣಿಯ ಬಾಯಿಯನ್ನು ಎಂಟು ದಿನ ಮುಚ್ಚಿಡುತ್ತಿದ್ದರು. ಯಾಕೆಂದು ಕೇಳಿದರೆ, ನಮ್ಮಲ್ಲಿ ಹಾಗೆ.

ಪ್ರಶ್ನೆ: ನಮ್ಮ ಕರಾವಳಿಗೆ ಹಿಂದೆ ಯಹೂದಿಗಳು ಬಂದದ್ದುಂಟೇ?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಉಂಟು ಮಗಳೇ, ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಟ್ಯುನೀಶಿಯದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ, 1149ರವರೆಗೆ ಈ ಕಡೆಯೇ ವ್ಯಾಪಾರ ಮಾಡಿಕೊಂಡಿದ್ದ. ಇಲ್ಲಿಯವಳೇ ಆದ ಅಶು ಎಂಬವಳನ್ನು ದಾಸ್ಯದಿಂದ ಬಿಡಿಸಿದ ಪತ್ರ ಸಿಕ್ಕಿದೆ, ಅವಳೇ ಅವನ ಮಕ್ಕಳ ತಾಯಿ. ಬೊಮ್ಮ ಎಂಬ ಆಳು ಅವನ ಪರವಾಗಿ ಯೆಮನಿನ ಬಂದರು ಏಡನ್‌ವರೆಗೆ ಹೋಗಿ ವ್ಯವಹಾರ ಮಾಡಿ ಬಂದ. ಇಲ್ಲಿಂದ ಕಾಳುಮೆಣಸು, ಅಡಿಕೆ, ಕಬ್ಬಿಣ ಹೋದರೆ, ಏಡನ್ನಿನ ಗೆಳೆಯರು ಅವನಿಗೆ ಸಕ್ಕರೆ, ದ್ರಾಕ್ಷಿ, ಬರೆಯಲು ಕಾಗದ ಕಳುಹಿಸುತ್ತಿದ್ದರು. ಆ ಕಾಗದಗಳು ಕೈರೋದ ಹಳೆಯ ಸಿನಗಾಗಿನ ಕೋಣೆಯಲ್ಲಿ ಏಳೆಂಟು ಶತಮಾನ ಉಳಿದುಕೊಂಡವು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಎಸೆಯಬಾರದು ಎಂಬ ಕಟ್ಟಳೆಯಿಂದಾಗಿ.

ಪ್ರಶ್ನೆ: ನಿಮ್ಮ ಆಯಿ ಈಗ ಎಲ್ಲಿದ್ದಾರೆ?
– ಓದುಗಿ, ನೀರ್ಚಾಲು

ಉತ್ತರ: 1994ರಲ್ಲಿ ಮಗನ ಸಂಸಾರದ ಜೊತೆ ಇಸ್ರೇಲಿಗೆ ಹೋದರು, ಅಶ್ದೋದ್ ಎಂಬ ಊರಿಗೆ. ಹೊರಡುವ ಹಿಂದಿನ ದಿನ ಬಾಗಿಲ ಚೌಕಟ್ಟಿನ ಡಬ್ಬಿಯನ್ನು ಬಿಚ್ಚಿಕೊಂಡರು. ಮರದ ಮೇಲೆ ಓರೆಯಾದ ಗುರುತು ಉಳಿಯಿತು. ಮುಂದೆ ಬಂದ ಬಾಡಿಗೆಯವರು ಬಣ್ಣ ಬಳಿದರು. ಅಶ್ದೋದ್‌ನಲ್ಲಿ ಹನ್ನೊಂದು ವರ್ಷ ಬದುಕಿದ್ದರು.

ಹಲ್ವದ ಅಳತೆಯನ್ನು ಅವರು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅವರ ಕೈಯೇ ಪುಸ್ತಕವಾಗಿತ್ತು. ನಾನು ಪ್ರತಿ ವರ್ಷ ತಿರುವುವ ಸರದಿ ಮುಗಿಸಿ ಮನೆಗೆ ಬಂದ ಕೂಡಲೇ, ಅವರು ಹಾಕಿದ್ದನ್ನು ಲೋಟದ ಲೆಕ್ಕದಲ್ಲಿ ನೆನಪಿಸಿಕೊಂಡು ಕನ್ನಡದಲ್ಲಿ ಗೀಚಿಡುತ್ತಿದ್ದೆ. ಕಳೆದ ವರ್ಷ ಶ್ರಾವಣದಲ್ಲಿ ಮೊಮ್ಮಗಳ ಫೋನ್ ಬಂತು. ನಮ್ಮ ಜೊತೆ ಸಟ್ಟುಗ ಹಿಡಿದಿದ್ದ ಹುಡುಗಿ, ಈಗ ಅವಳ ಮಗಳಿಗೆ ಮದುವೆಯಂತೆ. 'ಮೌಶೀ, ಅಜ್ಜಿಯ ಹಲ್ವ ನಿಮಗೆ ನೆನಪಿದೆಯೇ?' ಎಂದಳು. ಪುಸ್ತಕ ತೆಗೆದು ಓದಿದೆ. ನಾನು ಕನ್ನಡದಿಂದ ಮರಾಠಿಗೆ ಹೇಳಿದ್ದನ್ನು ಅವಳು ಆ ಕಡೆ ಹೀಬ್ರೂವಿನಲ್ಲಿ ಬರೆದುಕೊಂಡಳು. ತೆಂಗಿನಕಾಯಿಯ ಹತ್ತಿರ ಬಂದಾಗ ನಿಂತಳು. ಅಲ್ಲಿ ಸಿಗುವುದು ಡಬ್ಬಿಯ ಹಾಲು ಮಾತ್ರ. ನಾಲ್ಕು ಕಾಯಿ ಎಂದರೆ ಎಷ್ಟು ಡಬ್ಬಿ?

ಕಾಸರಗೋಡಿನ ಓದುಗಿ ಕ್ಷಮಿಸಬೇಕು. ನಾಲ್ಕು ಡಬ್ಬಿ, ಮೇಲೆ ಎರಡು ಲೋಟ ನೀರು ಎಂದೆ. ಬಾಯಿಗೆ ಬಂದದ್ದನ್ನು ಹೇಳಿದ್ದೇನೆ. ತಳ ಬಿಟ್ಟಿತೋ ಇಲ್ಲವೋ, ಅವಳಿಂದ ಇನ್ನೂ ಸುದ್ದಿ ಬಂದಿಲ್ಲ.